ಅಂಗೈ ಸುಲಿಯುವವರೆಗೆ ಕಾಯಬೇಕೆ?

ಇದ್ದಕ್ಕಿದ್ದಂತೆ ಜ್ವರ, ವಾಂತಿ-ಭೇದಿ, ಮೈಯೆಲ್ಲ ಬಿಸಿಲಿಗೆ ಬೆಂದಂತೆ ಕೆಂಪು, ಎದ್ದು ನಿಂತರೆ ತಲೆಸುತ್ತು. ಇಷ್ಟು ಕೇಳಿದರೆ ನಿಮಗೆ ಡೆಂಗಿ ನೆನಪಾದೀತು. ಟಾಕ್ಸಿಕ್ ಷಾಕ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯೂ ಹೀಗೆಯೇ ಶುರುವಾಗುತ್ತದೆ. ಅನೇಕರ ಮೂಗಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಕೆಲವೊಮ್ಮೆ ವಿಷವೊಂದನ್ನು ಸ್ರವಿಸುತ್ತದೆ. ಅದು ರಕ್ತಕ್ಕೆ ಸೇರಿದರೆ ರಕ್ತದೊತ್ತಡ ಕುಸಿದು ಮೂತ್ರಪಿಂಡ, ಯಕೃತ್ತುಗಳು ಸೋಲತೊಡಗುತ್ತವೆ.

ಈ ಹೆಸರಿಟ್ಟವರು ಅಮೆರಿಕದ ಡೆನ್ವರ್‌ನ ಮಕ್ಕಳ ವೈದ್ಯ ಜೇಮ್ಸ್ ಟಾಡ್. 1978ರಲ್ಲಿ ಅವರು ವರ್ಣಿಸಿದ ಏಳು ಮಕ್ಕಳಲ್ಲಿ ಹುಡುಗರೂ ಇದ್ದರು. 1980ರ ಮೇ ತಿಂಗಳಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ 55 ಪ್ರಕರಣಗಳನ್ನು ಪ್ರಕಟಿಸಿತು. ಅವರಲ್ಲಿ 52 ಮಂದಿ ಸ್ತ್ರೀಯರು, ಹೆಚ್ಚಿನವರಿಗೆ ಮುಟ್ಟಿನ ದಿನಗಳಲ್ಲೇ ಕಾಯಿಲೆ ಬಂದಿತ್ತು. ಮುಟ್ಟಿನ ರಕ್ತವನ್ನು ಒಳಗೇ ಹೀರಿಕೊಳ್ಳುವ ಟ್ಯಾಂಪನ್‌ನತ್ತ ಬೆರಳು ಹೋಯಿತು. ಅದೇ ಸೆಪ್ಟೆಂಬರಿನಲ್ಲಿ, ಬಹಳ ಹೀರುವ ಗುಣದ 'ರಿಲೈ' ಟ್ಯಾಂಪನ್ ಮಾರುಕಟ್ಟೆಯಿಂದ ಹೊರಬಿತ್ತು. ಒಬ್ಬೊಬ್ಬ ವೈದ್ಯರು ಒಂದೊಂದು ರೋಗಿಯನ್ನು ನೋಡಿ ಸುಮ್ಮನಿದ್ದಿದ್ದರೆ ಇದು ಬೆಳಕಿಗೆ ಬರುತ್ತಿರಲಿಲ್ಲ.

ಎಣಿಸಬೇಕಾದರೆ ನಿಯಮ ಬೇಕು. 102 ಡಿಗ್ರಿ ಅಥವಾ ಹೆಚ್ಚು ಜ್ವರ, ಕೆಂಪು ದದ್ದು, ಕುಸಿದ ರಕ್ತದೊತ್ತಡ, ಮೂರಾದರೂ ಅಂಗವ್ಯವಸ್ಥೆಗಳಿಗೆ ಪೆಟ್ಟು, ಒಂದೆರಡು ವಾರದ ಬಳಿಕ ಚರ್ಮ ಸುಲಿಯುವುದು. ಬೇರೆ ರೋಗಗಳಿಲ್ಲವೆಂದು ಪರೀಕ್ಷೆಯಿಂದ ತಿಳಿದು, ಈ ಐದೂ ಇದ್ದರೆ 'ಖಚಿತ', ನಾಲ್ಕಿದ್ದರೆ 'ಸಂಭಾವ್ಯ'. ಸುಲಿಯುವ ಮೊದಲೇ ರೋಗಿ ತೀರಿಕೊಂಡರೆ ಮಾತ್ರ ಆ ಒಂದು ಲಕ್ಷಣಕ್ಕೆ ವಿನಾಯಿತಿ! ಸ್ಟ್ರೆಪ್ಟೊಕಾಕಸ್‌ನಿಂದ ಬರುವ ಇಂಥದೇ ಕಾಯಿಲೆಗೆ 1993ರಲ್ಲಿ ಬೇರೆ ನಿಯಮವೇ ಬಂತು.

ಲೆಕ್ಕದ ಪುಸ್ತಕಕ್ಕೆ ಈ ಬಿಗಿ ಸರಿ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಇದನ್ನೇ ಅಳತೆಗೋಲು ಮಾಡಿಕೊಳ್ಳುವುದನ್ನು ಮಾತ್ರ ನಾನು ಒಪ್ಪಲಾರೆ. ಅಂಗೈ ಸುಲಿಯುವ ಹೊತ್ತಿಗೆ ಚಿಕಿತ್ಸೆಯ ಕಾಲ ಮುಗಿದಿರುತ್ತದೆ. ಇನ್ನೊಂದು ಅಪಾಯವೂ ಉಂಟು. ಮುಟ್ಟಿನೊಂದಿಗೆ ಹೆಸರು ಅಂಟಿಕೊಂಡ ಮೇಲೆ, ಸುಟ್ಟ ಗಾಯದ ಮಗುವಿಗೋ ಶಸ್ತ್ರಚಿಕಿತ್ಸೆಯಾದ ಗಂಡಸಿಗೋ ಇದು ಬಂದರೆ ಯಾರಿಗೂ ಹೊಳೆಯದೆ ಹೋಗಬಹುದು. ಗಾಯ ಕೀವಿಲ್ಲದೆ ಚೆನ್ನಾಗಿಯೇ ಕಾಣುತ್ತಿರಬಹುದು.

ನೀವು ಮಾಡಬೇಕಾದ್ದು ಇಷ್ಟು. ಇಂಥ ಜ್ವರ ಬಂದಾಗ ಟ್ಯಾಂಪನ್ ಅಥವಾ ಮುಟ್ಟಿನ ಕಪ್ ಇದ್ದರೆ ತಕ್ಷಣ ತೆಗೆದು ಆಸ್ಪತ್ರೆಗೆ ಹೊರಡಿ. ಕಪ್ ಬಳಸಿದವರಲ್ಲೂ ಅಪರೂಪಕ್ಕೆ ಇದು ಕಂಡಿದೆ. 'ಹೊರಗಾಗಿದ್ದಾಳೆ' ಎಂಬ ಮಾತನ್ನು ಮನೆಯೊಳಗೇ ಮುಚ್ಚಿಡುವ ತಾಯಂದಿರೇ, ವೈದ್ಯರ ಎದುರು ಆ ಸಂಕೋಚ ಬೇಡ. ಗಾಯ, ಹೊಲಿಗೆ, ಮೂಗಿಗೆ ತುಂಬಿದ ಬಟ್ಟೆ, ಎಲ್ಲವನ್ನೂ ಹೇಳಿ. ಟ್ಯಾಂಪನ್ ಬಳಸುವವರು ಎಂಟು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಒಮ್ಮೆ ಈ ಕಾಯಿಲೆ ಬಂದವರಿಗೆ ಮತ್ತೆ ಬರುವುದುಂಟು, ಅವರು ಅದನ್ನು ಬಿಟ್ಟೇಬಿಡಬೇಕು.

ಗುಣವಾಗಿ ಮನೆಗೆ ಬಂದ ಮೇಲೆ ಅಂಗೈ ಅಂಗಾಲು ಸುಲಿದರೆ, ತಾರೀಖು ಬರೆದಿಟ್ಟುಕೊಂಡು ಅದೇ ವೈದ್ಯರಿಗೆ ತೋರಿಸಿ ಬನ್ನಿ. 'ಸಂಭಾವ್ಯ' ಎಂದು ಬರೆದಿದ್ದನ್ನು ಅವರು 'ಖಚಿತ' ಎಂದು ತಿದ್ದಲು ಸಾಧ್ಯವಾಗುವುದು ಆಗಲೇ.