ತಿಂಗಳಿಗೆ 15 ಡಾಲರ್ ಬಾಡಿಗೆಯ ಡಬ್ಬಿ

ಅಮೆರಿಕಕ್ಕೆ ಬಂದು ಮನೆ ಹಿಡಿದ ಮೊದಲ ವಾರ ನಮ್ಮವರು ತಪ್ಪದೆ ಮಾಡೋ ಕೆಲಸ ಎರಡು. ಒಂದು, ಸೋನಾ ಮಸೂರಿ ಅಕ್ಕಿ ಎಲ್ಲಿ ಸಿಗುತ್ತೆ ಅಂತ ಹುಡುಕೋದು. ಇನ್ನೊಂದು, ಇಂಟರ್ನೆಟ್ ಹಾಕಿಸೋದು. ಎರಡನೇ ಕೆಲಸಕ್ಕೆ ಫೋನ್ ಮಾಡಿದಾಗ ಕೇಬಲ್ ಕಂಪನಿಯವರು ಕೇಳ್ತಾರೆ: "ಮೋಡೆಮ್ ನಮ್ಮದು ಬಾಡಿಗೆಗೆ ತಗೋತೀರಾ, ನಿಮ್ಮ ಹತ್ತಿರವೇ ಇದೆಯಾ?" ನಿದ್ದೆಗೆಟ್ಟ ಕಣ್ಣಲ್ಲಿ ಹೆಚ್ಚಿನವರು "ನಿಮ್ಮದೇ ಕೊಡಿ" ಅಂದುಬಿಡ್ತಾರೆ. ಆಮೇಲೆ ಆ ಬಾಡಿಗೆಯ ಸಾಲು ಬಿಲ್ಲಿನಲ್ಲಿ ವರ್ಷಗಟ್ಟಲೆ ತಣ್ಣಗೆ ಕೂತಿರುತ್ತೆ.

ನಮ್ಮೂರ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಗಸ್ಟ್ ಬಂತೆಂದರೆ ಇದೇ ಪ್ರಶ್ನೆ. "ಕೊಳ್ಳೋದಾ, ಬಾಡಿಗೆಗಾ?" ಅವಸರದಲ್ಲಿರೋರಿಗೆ ಉತ್ತರ ಮೊದಲೇ ಹೇಳಿಬಿಡ್ತೀನಿ. ಬರೀ ಇಂಟರ್ನೆಟ್ ಸಾಕು, ಒಂದೂವರೆ ವರ್ಷಕ್ಕಿಂತ ಹೆಚ್ಚು ಇರ್ತೀವಿ ಅನ್ನೋರು ಕೊಂಡುಕೊಳ್ಳಿ. ಮನೆ ಫೋನೂ ಬೇಕು ಅನ್ನೋರು ಕೊಳ್ಳೋ ಮುಂಚೆ ಎರಡು ಸಲ ಯೋಚಿಸಿ. ಯಾಕೆ ಅನ್ನೋದು ಮುಂದಿದೆ.

ಡಬ್ಬಿಯೊಳಗೆ ಏನಿದೆ?

ಬೆಂಗಳೂರಿನಲ್ಲಿ ನಾವು ಎಲ್ಲದಕ್ಕೂ "ವೈಫೈ ಬಾಕ್ಸ್" ಅಂತೀವಿ. ಇಲ್ಲಿ ಅದು ನಡೆಯೋದಿಲ್ಲ, ಯಾಕಂದ್ರೆ ದುಡ್ಡಿನ ಲೆಕ್ಕ ಇರೋದೇ ಆ ವ್ಯತ್ಯಾಸದಲ್ಲಿ. ಟಿವಿಗೆ ಬರ್ತಿದ್ದ ದಪ್ಪ ಕೇಬಲ್ಲಿನಲ್ಲೇ ಇಂಟರ್ನೆಟ್ಟೂ ಬರುತ್ತೆ. ಆ ಕೇಬಲ್ಲಿನ ಭಾಷೆಯನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸೋದು ಮೋಡೆಮ್. ಅದನ್ನು ಮನೆಯ ಫೋನು, ಲ್ಯಾಪ್‌ಟಾಪು, ಟಿವಿಗೆಲ್ಲ ಹಂಚೋದು ರೌಟರ್. ಕಂಪನಿಯವರು ಬಾಡಿಗೆಗೆ ಕೊಡೋ ಡಬ್ಬಿಯಲ್ಲಿ ಸಾಮಾನ್ಯವಾಗಿ ಎರಡೂ ಒಟ್ಟಿಗೆ ಇರುತ್ತವೆ. ಹಾಗಾಗಿ ಬರೀ ಮೋಡೆಮ್ ಕೊಂಡು ತಂದರೆ ವೈಫೈ ಬರೋದಿಲ್ಲ. ಅಂಗಡಿಯಲ್ಲಿ ಮೋಡೆಮ್ ಬೆಲೆ ಮಾತ್ರ ನೋಡಿ "ಎಷ್ಟು ಅಗ್ಗ" ಅನ್ನೋ ಮುಂಚೆ ರೌಟರಿನ ಬೆಲೆಯನ್ನೂ ಸೇರಿಸಿಕೊಳ್ಳಿ.

ಕೂಡಿ ಕಳೆದು ನೋಡೋಣ

ಬಾಡಿಗೆ ಕಂಪನಿಯಿಂದ ಕಂಪನಿಗೆ ಬೇರೆ. ತಿಂಗಳಿಗೆ 15 ಡಾಲರ್ ಅಂತಲೇ ಇಟ್ಟುಕೊಳ್ಳೋಣ. ವರ್ಷಕ್ಕೆ 180, ಮೂರು ವರ್ಷಕ್ಕೆ 540. ಹನಿ ಹನಿಗೂಡಿದರೆ ಹಳ್ಳ ಅನ್ನೋದು ಕಂಪನಿಯವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಈಗಿನ ಕಾಲಕ್ಕೆ ಸರಿಹೊಂದೋ ಒಂದು ಒಳ್ಳೆ ಮೋಡೆಮ್‌ಗೆ ಸುಮಾರು 170 ಡಾಲರ್, ಸಾಧಾರಣ ರೌಟರಿಗೆ 80. ಒಟ್ಟು 250. ಅದನ್ನು 15ರಿಂದ ಭಾಗಿಸಿದರೆ ಹದಿನೇಳನೇ ತಿಂಗಳಿಗೆ ಹಾಕಿದ ದುಡ್ಡು ವಾಪಸ್. ರೌಟರ್ ನಿಮ್ಮ ಹತ್ತಿರ ಮೊದಲೇ ಇದ್ದರೆ ಒಂದೇ ವರ್ಷ ಸಾಕು.

ಆದರೆ ಎಲ್ಲ ಕಡೆ ಇದೇ ಲೆಕ್ಕ ಅಲ್ಲ. ಕೆಲವರು ಮೋಡೆಮ್ ಪುಕ್ಕಟೆ ಕೊಟ್ಟು ವೈಫೈಗೆ ಮಾತ್ರ ದುಡ್ಡು ಕೇಳ್ತಾರೆ. ಅಲ್ಲಿ ರೌಟರ್ ಒಂದನ್ನು ಕೊಂಡರೆ ಮುಗೀತು. ಇನ್ನು ಕೆಲವು ಪ್ಲಾನುಗಳಲ್ಲಿ ಡಬ್ಬಿಯ ಬೆಲೆ ಸೇರಿಕೊಂಡೇ ಬರುತ್ತೆ, ಅಲ್ಲಿ ನೀವು ಸ್ವಂತದ್ದು ತಂದರೂ ಒಂದು ಸೆಂಟೂ ಕಡಿಮೆ ಆಗೋದಿಲ್ಲ. ನಿಮ್ಮದು ಯಾವ ಬಗೆ ಅಂತ ತಿಳಿಯೋಕೆ ಈಗ ಸುಲಭದ ದಾರಿ ಇದೆ. 2024ರ ಏಪ್ರಿಲ್‌ನಿಂದ ದೊಡ್ಡ ಇಂಟರ್ನೆಟ್ ಕಂಪನಿಗಳು, ಅದೇ ಅಕ್ಟೋಬರ್‌ನಿಂದ ಸಣ್ಣವೂ, ಪ್ಲಾನ್ ಮಾರೋ ಜಾಗದಲ್ಲಿ ಒಂದು ಪಟ್ಟಿ ತೋರಿಸಬೇಕು ಅಂತ ಇಲ್ಲಿನ ಎಫ್‌ಸಿಸಿ ಕಡ್ಡಾಯ ಮಾಡಿತು. ಬಿಸ್ಕತ್ ಪೊಟ್ಟಣದ ಹಿಂದೆ ಸಕ್ಕರೆ ಎಷ್ಟು, ಕೊಬ್ಬು ಎಷ್ಟು ಅಂತ ಇರುತ್ತಲ್ಲ, ನೋಡೋಕೆ ಹಾಗೇ ಇರುತ್ತೆ. ತಿಂಗಳ ದರ, ಮೇಲಿನ ಶುಲ್ಕಗಳು, ವೇಗ ಎಲ್ಲ ಅಲ್ಲೇ. ಸೇಲ್ಸ್‌ನವರ ಮಾತು ಕೇಳೋ ಮುಂಚೆ ಅದನ್ನು ಓದಿ.

ಸ್ವಂತದ್ದು ತಂದರೆ ಬೇಡ ಅನ್ನಬಹುದಾ?

ಈ ಭಯ ಹೊಸಬರಲ್ಲಿ ಬಹಳ. ನಮ್ಮ ಅಜ್ಜನ ಮನೆಯ ಕಪ್ಪು ಫೋನು ಇಲಾಖೆಯದು, ಅದನ್ನು ಬಿಚ್ಚಿದರೆ ಬೈಗುಳ. ಇಲ್ಲೂ ಹಾಗೇ ಇತ್ತು. ಫೋನ್ ಕಂಪನಿಯ ತಂತಿಗೆ ಕಂಪನಿಯದ್ದೇ ಸಾಧನ ಇರಬೇಕು, ಅದಕ್ಕೆ ತಿಂಗಳ ಬಾಡಿಗೆ ಬೇರೆ. ಟೆಕ್ಸಾಸ್‌ನ ಥಾಮಸ್ ಕಾರ್ಟರ್ ಅನ್ನೋ ಉದ್ಯಮಿ ವೈರ್‌ಲೆಸ್ ಸೆಟ್ಟನ್ನು ಫೋನಿಗೆ ಜೋಡಿಸೋ ಒಂದು ಉಪಕರಣ ಮಾಡಿ ಮಾರಿದರು, ಫೋನ್ ಕಂಪನಿ ತಕರಾರು ತೆಗೀತು. ಜಗಳ ಎಫ್‌ಸಿಸಿವರೆಗೆ ಹೋಗಿ 1968ರಲ್ಲಿ ಕಾರ್ಟರ್ ಪರವಾಗಿ ತೀರ್ಪು ಬಂತು. ಜಾಲಕ್ಕೆ ಹಾನಿ ಮಾಡದ ಸಾಧನವನ್ನು ಗ್ರಾಹಕ ತಾನೇ ತಂದು ಜೋಡಿಸಬಹುದು ಅನ್ನೋ ತತ್ವ ಅಲ್ಲಿಂದ ಗಟ್ಟಿಯಾಯಿತು. ನಾವು ಇವತ್ತು ಅಂಗಡಿಯಿಂದ ಮೋಡೆಮ್ ತರೋದು ಆ ದಾರಿಯಲ್ಲೇ.

ಇನ್ನೂ ಒಂದು ಕಾನೂನು ನೆನಪಿರಲಿ. 2019ರ ಡಿಸೆಂಬರ್‌ನಲ್ಲಿ ಪಾಸಾಗಿ 2020ರ ಕೊನೆಗೆ ಜಾರಿಗೆ ಬಂತು. ಗ್ರಾಹಕ ತನ್ನದೇ ಸಾಧನ ಬಳಸ್ತಿದ್ದರೆ ಕಂಪನಿ ತಾನು ಕೊಡದ ಡಬ್ಬಿಗೆ ಬಾಡಿಗೆ ಹಾಕೋ ಹಾಗಿಲ್ಲ. ಬಿಲ್ಲಿನಲ್ಲಿ ಹಾಗೆ ಬಂದಿದ್ದರೆ ಧೈರ್ಯವಾಗಿ ಕೇಳಿ.

ಮನೆ ಫೋನ್ ಬೇಕಾ?

"ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಮನೆ ಫೋನ್ ಯಾಕೆ?" ಅಂತ ನನ್ನ ವಯಸ್ಸಿನವರು ಕೇಳ್ತಾರೆ. ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಬರೋವರೆಗೆ ಈ ಪ್ರಶ್ನೆ ಸರಿ. ನಾವು ಆಫೀಸಿನಲ್ಲಿ, ಅವರು ಮನೆಯಲ್ಲಿ. ಅಪ್ಪನಿಗೆ ಎದೆ ನೋವು ಅಂತ ಇಟ್ಟುಕೊಳ್ಳಿ. ಅಮ್ಮ 911 ಒತ್ತಬಲ್ಲರು. ಆದರೆ ಆ ಕಡೆಯವರು ಇಂಗ್ಲಿಷಿನಲ್ಲಿ ವಿಳಾಸ ಕೇಳಿದಾಗ, ಆ ಗಾಬರಿಯಲ್ಲಿ ಅಪಾರ್ಟ್‌ಮೆಂಟ್ ನಂಬರು, ಬೀದಿ ಹೆಸರು ಬಾಯಿಗೆ ಬರುತ್ತಾ? ಮನೆ ಫೋನಿನಿಂದ ಮಾಡಿದರೆ ಕಂಪನಿಯಲ್ಲಿ ದಾಖಲಾದ ವಿಳಾಸ ಅವರ ಪರದೆಗೆ ಹೋಗುತ್ತೆ. ಮೊಬೈಲ್ ಸುಮಾರಾಗಿ ಎಲ್ಲಿದೆ ಅಂತ ಗೊತ್ತಾದರೂ ಯಾವ ಮಹಡಿ, ಯಾವ ಬಾಗಿಲು ಅನ್ನೋದು ಅಷ್ಟು ಖಚಿತವಾಗಿ ಸಿಗೋದಿಲ್ಲ. ಮನೆ ಫೋನಿನ ನಿಜವಾದ ಬೆಲೆ ಇರೋದು ಇಲ್ಲಿ.

ಹಾಗಾಗಿ ಫೋನ್ ಬೇಕು ಅನ್ನೋರು ಮೂರು ವಿಷಯ ಗಮನಿಸಿ.

ಒಂದು, ಮಾಮೂಲಿ ಮೋಡೆಮ್ ಸಾಲದು. ಹಿಂಭಾಗದಲ್ಲಿ ಫೋನ್ ವೈರ್ ಸಿಕ್ಕಿಸೋ ಸಣ್ಣ ಕಿಂಡಿ ಇರೋ ಮೋಡೆಮ್ ಬೇಕು. ಅದರ ಬೆಲೆ ಹೆಚ್ಚು, ಆಯ್ಕೆ ಕಡಿಮೆ. ಕಿಂಡಿ ಇದ್ದ ಮಾತ್ರಕ್ಕೆ ನಿಮ್ಮ ಕಂಪನಿ ಒಪ್ಪುತ್ತೆ ಅಂತಲೂ ಇಲ್ಲ. ಕಂಪನಿಯ ಒಪ್ಪಿಗೆ ಪಟ್ಟಿಯಲ್ಲಿ ಇಂಟರ್ನೆಟ್ಟಿಗೆ ಒಪ್ಪಿದ್ದು ಬೇರೆ, ಫೋನಿಗೆ ಒಪ್ಪಿದ್ದು ಬೇರೆ. ಕೆಲವರು ಫೋನ್ ಮೋಡೆಮ್ ತಾವೇ ಕೊಡ್ತೀವಿ ಅಂತಾರೆ. ಅಂಥವರ ಹತ್ತಿರ ಅದಕ್ಕೆ ಬಾಡಿಗೆ ಇದೆಯಾ ಅಂತ ಮೊದಲು ಕೇಳಿ, ಆಮೇಲೆ ಅಂಗಡಿಗೆ ಹೋಗಿ.

ಎರಡು, ಕರೆಂಟ್ ಹೋದರೆ ಈ ಫೋನೂ ಹೋಗುತ್ತೆ. ಹಳೇ ಕಾಲದ ಫೋನಿಗೆ ತಂತಿಯಲ್ಲೇ ಕರೆಂಟ್ ಬರ್ತಿತ್ತು, ಇದಕ್ಕೆ ಗೋಡೆಯ ಪ್ಲಗ್ಗೇ ಗತಿ. ಡಬ್ಬಿಗೆ ಬ್ಯಾಟರಿ ಹಾಕೋಕೆ ಬರುತ್ತಾ ನೋಡಿ. ಬರದಿದ್ದರೆ ಸಣ್ಣದೊಂದು ಯುಪಿಎಸ್ ಇಡಿ. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರು, ಮನೆ ಬದಲಿಸಿದಾಗ ಫೋನ್ ಕಂಪನಿಯಲ್ಲಿ ವಿಳಾಸ ಬದಲಿಸಿ. ಇಲ್ಲದಿದ್ದರೆ ಆಂಬುಲೆನ್ಸ್ ಹಳೇ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೆ.

ಇನ್ನೊಂದು ಉಪಾಯವೂ ಇದೆ. ಇಂಟರ್ನೆಟ್ ಮೂಲಕ ನಡೆಯೋ ಫೋನಿಗೆ ಪ್ರತ್ಯೇಕ ಸಣ್ಣ ಡಬ್ಬಿ ಸಿಗುತ್ತೆ. ಅದನ್ನು ರೌಟರಿಗೆ ಜೋಡಿಸಿದರೆ ಮಾಮೂಲಿ ಮೋಡೆಮ್ಮೇ ಸಾಕು. ನಾಳೆ ಇಂಟರ್ನೆಟ್ ಕಂಪನಿ ಬದಲಿಸಿದರೂ ಫೋನ್ ನಂಬರ್ ಹಾಗೇ ಉಳಿಯುತ್ತೆ. ಕರೆಂಟು ಮತ್ತು ವಿಳಾಸದ ಮಾತು ಇದಕ್ಕೂ ಅನ್ವಯ. ನಮ್ಮ ಮನೆಯಲ್ಲಿ ಇರೋದು ಇದೇ.

ಕೊಳ್ಳೋದಾದ್ರೆ

ಡಬ್ಬದ ಮೇಲೆ "ಡಾಕ್ಸಿಸ್" ಅಂತ ಒಂದು ಪದ, ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತೆ. ಕೇಬಲ್ಲಿನಲ್ಲಿ ಇಂಟರ್ನೆಟ್ ಹರಿಸೋ ನಿಯಮಾವಳಿಯ ಹೆಸರು ಅದು. 3.0 ಬಂದಿದ್ದು 2006ರಲ್ಲಿ, 3.1 ಬಂದಿದ್ದು 2013ರಲ್ಲಿ. ಹೊಸದಾಗಿ ಕೊಳ್ಳೋರು 3.1ಕ್ಕಿಂತ ಕೆಳಗೆ ಇಳಿಯಬೇಡಿ, ಅಗ್ಗ ಅಂತ ತಂದ ಹಳೇದನ್ನು ಕಂಪನಿ ಮುಂದೆ ಪಟ್ಟಿಯಿಂದ ತೆಗೆದುಹಾಕಬಹುದು. ಇಂಟೆಲ್ ಪೂಮಾ 6 ಅನ್ನೋ ಚಿಪ್ ಇರೋ ಮೋಡೆಮ್‌ಗಳನ್ನು ಬಿಟ್ಟುಬಿಡಿ. ವೇಗ ಚೆನ್ನಾಗೇ ತೋರಿಸಿದರೂ ವಿಡಿಯೊ ಕಾಲ್, ಗೇಮ್ ಮಧ್ಯೆ ತಡವರಿಸುತ್ತವೆ ಅಂತ 2016ರಲ್ಲೇ ದೊಡ್ಡ ಸುದ್ದಿಯಾಗಿತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳೋರು ಅದು ಮಾರೋರದ್ದೇನಾ, ಕಂಪನಿಗೆ ವಾಪಸ್ ಕೊಡಬೇಕಿದ್ದ ಬಾಡಿಗೆ ಡಬ್ಬಿಯಾ ಅಂತ ವಿಚಾರಿಸಿ. ಬಾಡಿಗೆಯದ್ದಾದರೆ ನಿಮ್ಮ ಹೆಸರಿನಲ್ಲಿ ಚಾಲೂ ಆಗೋದಿಲ್ಲ.

ಹಳೇ ಡಬ್ಬಿ ಹಿಂದಿರುಗಿಸುವಾಗ ರಸೀದಿ ತಗೊಳ್ಳಿ. ಸೀರಿಯಲ್ ನಂಬರಿನ ಫೋಟೊ ಹೊಡೆದಿಡಿ. ನನ್ನ ಗೆಳೆಯನೊಬ್ಬನಿಗೆ ಕೊಟ್ಟ ಡಬ್ಬಿಯನ್ನೇ ಕೊಟ್ಟಿಲ್ಲ ಅಂತ ಬಿಲ್ ಬಂತು. ರಸೀದಿ ಇದ್ದದ್ದಕ್ಕೆ ಎರಡು ಫೋನ್ ಕಾಲಿನಲ್ಲಿ ಮುಗೀತು.

"ಹೇಗೂ ವಾಪಸ್ ಹೋಗ್ತೀವಲ್ಲ"

ಇಷ್ಟೆಲ್ಲ ಲೆಕ್ಕ ಹೇಳಿದ ಮೇಲೂ ಜನ ಕೊಳ್ಳೋದಿಲ್ಲ. ಕಾರಣ ಕೇಳಿದರೆ ಒಂದೇ ಮಾತು. "ಎಷ್ಟು ದಿನ ಇರ್ತೀವೋ ಏನೋ, ಮುಂದಿನ ವರ್ಷ ಊರಿಗೆ ಹೋದ್ರೂ ಹೋದ್ವಿ." ನಗೋ ಮಾತಲ್ಲ ಇದು. ಎಚ್-1ಬಿ ವೀಸಾದಲ್ಲಿ ಇರೋರಿಗೆ ಕೆಲಸ ಹೋದರೆ ಸಿಗೋ ಗಡುವು ಹೆಚ್ಚೆಂದರೆ 60 ದಿನ. ಅಂಥವರು ಸೋಫಾ ಕೊಳ್ಳೋಕೂ ಹಿಂದೆಮುಂದೆ ನೋಡ್ತಾರೆ. ಹಿಂದೆ ನಮ್ಮೂರ ಬಾಗಿಲುಗಳ ಮೇಲೆ "ನಾಳೆ ಬಾ" ಅಂತ ಬರೀತಿದ್ರಲ್ಲ, ಹಾಗೆ ಎಲ್ಲ ನಿರ್ಧಾರವನ್ನೂ ನಾಳೆಗೆ ಕಳಿಸ್ತಾ ಇರ್ತೀವಿ. ನನಗೆ ಗೊತ್ತಿರೋ ಒಂದು ಮನೆಯಲ್ಲಿ ಆ ನಾಳೆಗೆ ಎಂಟು ವರ್ಷ ಆಯ್ತು. ಡಬ್ಬಿಯ ಬಾಡಿಗೆ 1,440 ಡಾಲರ್.

ಅದೇ ಅನುಮಾನವನ್ನು ಲೆಕ್ಕಕ್ಕೆ ಹಾಕಿ ನೋಡಿ. 250 ಕೊಟ್ಟು ಕೊಂಡು ಎಂಟೇ ತಿಂಗಳಿಗೆ ಹೊರಡಬೇಕಾಯ್ತು, ಡಬ್ಬಿಯನ್ನು ಯಾರಿಗೋ ಸುಮ್ಮನೆ ಕೊಟ್ಟು ಬಂದ್ರಿ ಅಂತಲೇ ಇಟ್ಟುಕೊಳ್ಳಿ. ಬಾಡಿಗೆಯಾಗಿದ್ದರೆ 120 ಆಗ್ತಿತ್ತು, ನಷ್ಟ 130 ಡಾಲರ್. ಹೊರಡದೆ ಆರು ವರ್ಷ ಉಳಿದ್ರಿ, ಬಾಡಿಗೆಯಲ್ಲೇ ಇದ್ರಿ. ಕಟ್ಟಿದ್ದು 1,080, ನಷ್ಟ 830. ಊರಿಗೆ ಹೋಗೋ ಭಯಕ್ಕೆ ಬಾಡಿಗೆ ಕಟ್ಟೋದು ಲೆಕ್ಕದಲ್ಲಿ ನಿಲ್ಲೋದಿಲ್ಲ. ನಿಜವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನಮ್ಮ ಬೀದಿಗೆ ಫೈಬರ್ ಬರ್ತಾ ಇದೆಯಾ? ಅದಕ್ಕೆ ಕೇಬಲ್ ಮೋಡೆಮ್ ಹೊಂದೋದಿಲ್ಲ. ಅಗೆಯೋ ಕೆಲಸ ಶುರುವಾಗಿದ್ದರೆ ಅಲ್ಲಿವರೆಗೆ ಬಾಡಿಗೆಯೇ ಸರಿ.

ಇವತ್ತು ರಾತ್ರಿ ಊಟ ಆದ ಮೇಲೆ ಬಿಲ್ ತೆಗೆದು ಬಾಡಿಗೆಯ ಆ ಸಾಲು ಹುಡುಕಿ. ನೀವು ಈ ಊರಿಗೆ ಬಂದು ಎಷ್ಟು ತಿಂಗಳಾಯ್ತೋ ಅಷ್ಟರಿಂದ ಗುಣಿಸಿ. ಬಂದ ಮೊತ್ತವನ್ನು ಮನೆಯವರಿಗೆ ತೋರಿಸಿ, ಕೊಳ್ಳೋದಾ ಬೇಡವಾ ಅಂತ ಅಲ್ಲೇ ತೀರ್ಮಾನ ಮಾಡಿ. ಅಪ್ಪ ಅಮ್ಮ ಬರೋರಿದ್ದರೆ ಫೋನ್ ಕಂಪನಿಯಲ್ಲಿ ವಿಳಾಸ ಸರಿಯಾಗಿದೆಯಾ ಅನ್ನೋದನ್ನೂ ಇವತ್ತೇ ನೋಡಿಬಿಡಿ.