ಎಂಜಿ ತಾನಾಗಿ ಸಾಯಲಿಲ್ಲ

ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿದ್ದ ಎಂಜಿ ಕಾರು ಕಾರ್ಖಾನೆಗೆ 1980ರ ಅಕ್ಟೋಬರ್‌ನಲ್ಲಿ ಬೀಗ ಬಿತ್ತು. ಅದು ಮುಚ್ಚಲೇಬೇಕಿತ್ತು ಎಂದು ವಾದಿಸುವವರು ಇಂದಿಗೂ ಇದ್ದಾರೆ. ಆ ವಾದಗಳಲ್ಲಿ ಹುರುಳಿಲ್ಲ.

‘ಎಂಜಿ ಎಂದರೆ ಮೋರಿಸ್ ಕಾರಿಗೆ ತೊಡಿಸಿದ ಚೆಂದದ ಅಂಗಿ’ ಎನ್ನುವುದು ಮೊದಲನೆಯ ಮಾತು. ಮೋರಿಸ್ ಬಿಡಿಭಾಗಗಳನ್ನು ಬಳಸಿದ್ದು ನಿಜ. ಆಕ್ಸ್‌ಫರ್ಡ್‌ನ ಮೋರಿಸ್ ಗ್ಯಾರೇಜಸ್ ನಡೆಸುತ್ತಿದ್ದ ಸೆಸಿಲ್ ಕಿಂಬರ್ ಶುರುಮಾಡಿದ್ದೇ ಹಾಗೆ. ಆದರೆ 1933ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ರೇಸ್‌ನಲ್ಲಿ ಎಂಜಿಯ ಕೆ3 ಮ್ಯಾಗ್ನೆಟ್ ಕಾರುಗಳು ತಂಡ ಪ್ರಶಸ್ತಿ ಗೆದ್ದವು. ಅದೇ ವರ್ಷ ರೇಸ್ ಚಾಲಕ ನುವೊಲಾರಿ ಕೆ3 ಓಡಿಸಿ ಅಲ್‌ಸ್ಟರ್‌ನ ಟೂರಿಸ್ಟ್ ಟ್ರೋಫಿ ಗೆದ್ದರು. ಬರೀ ಅಂಗಿಗೆ ಇಷ್ಟು ಕಸುವು ಎಲ್ಲಿಂದ ಬರಬೇಕು?

‘ಕಾರ್ಮಿಕರೇ ಮುಷ್ಕರ ಮಾಡಿ ಕಂಪನಿ ಮುಳುಗಿಸಿದರು’ ಎಂಬ ಆರೋಪ ನನ್ನನ್ನು ಹೆಚ್ಚು ನೋಯಿಸುತ್ತದೆ. ಆಗ ಎಂಜಿಯ ಒಡೆತನ ಹೊಂದಿದ್ದ ಬ್ರಿಟಿಷ್ ಲೇಲ್ಯಾಂಡ್‌ ಸಮೂಹದ ಅನೇಕ ಕಾರ್ಖಾನೆಗಳಿಗೆ ಈ ಮಾತು ಒಪ್ಪೀತು. ಅಬಿಂಗ್ಡನ್ ಮಾತ್ರ ಆ ಸಮೂಹದಲ್ಲೇ ಆಡಳಿತ, ಕಾರ್ಮಿಕರ ನಡುವಿನ ಸೌಹಾರ್ದಕ್ಕೆ ಹೆಸರಾಗಿತ್ತು. ತಿಂಗಳುಗಟ್ಟಲೆ ಮುಷ್ಕರ ನಡೆದದ್ದು ಅದೇ ಸಮೂಹದ ಟ್ರಯಂಫ್ ಟಿಆರ್7 ಕಾರು ತಯಾರಾಗುತ್ತಿದ್ದ ಸ್ಪೀಕ್ ಕಾರ್ಖಾನೆಯಲ್ಲಿ. 1978ರಲ್ಲಿ ಸ್ಪೀಕ್ ಮುಚ್ಚಿದಾಗ ಟಿಆರ್7 ಕೈಬಿಡಲಿಲ್ಲ, ಅದಕ್ಕೆ ಬೇರೆ ಕಾರ್ಖಾನೆ ಒದಗಿಸಿದರು. ಅಬಿಂಗ್ಡನ್‌ನವರಿಗೆ ಸಿಕ್ಕಿದ್ದೇನು? 1979ರ ಸೆಪ್ಟೆಂಬರ್‌ನಲ್ಲಿ ಎಂಜಿ ಆ ಊರಿಗೆ ಬಂದ ಐವತ್ತನೇ ವರ್ಷದ ಸಂಭ್ರಮ ಮುಗಿದ ಬೆನ್ನಿಗೇ ಇಲ್ಲಿ ಎಂಜಿ ತಯಾರಿಕೆ ನಿಲ್ಲುತ್ತದೆಂಬ ಘೋಷಣೆ. ನೆಟ್ಟಗೆ ದುಡಿದವರಿಗೆ ಇಂಥ ಉಡುಗೊರೆ ಕೊಟ್ಟವರು ಆಡಳಿತದವರೇ ಹೊರತು ಕಾರ್ಮಿಕರಲ್ಲ.

‘ಅಮೆರಿಕದಲ್ಲಿ ಮಾರಿದ ಪ್ರತಿ ಕಾರಿಗೂ ನಷ್ಟವಾಗುತ್ತಿತ್ತು’ ಎಂಬುದು ಲೆಕ್ಕಪತ್ರದ ವಾದ. ಪೌಂಡ್ ಬೆಲೆ ಏರಿ ರಫ್ತಿಗೆ ಏಟು ಬಿದ್ದದ್ದನ್ನು ಒಪ್ಪುತ್ತೇನೆ. ಆದರೆ ಅದೇ ಅಮೆರಿಕದ ಮಾರುಕಟ್ಟೆಯನ್ನು ನೆಚ್ಚಿಕೊಂಡಿದ್ದ ಟಿಆರ್7ಗೂ ಅದೇ ಏಟು ಬಿದ್ದಿತ್ತಲ್ಲ? ಒಂದನ್ನು ಉಳಿಸಿ ಇನ್ನೊಂದನ್ನು ಕೊಂದದ್ದಕ್ಕೆ ಡಾಲರ್ ಕಾರಣವಾಗದು.

‘ಎಂಜಿಬಿ ಹಳೆಯದಾಗಿತ್ತು’ ಎನ್ನುತ್ತಾರೆ. ಹೌದು, ಅಬಿಂಗ್ಡನ್‌ನಲ್ಲಿ ತಯಾರಾಗುತ್ತಿದ್ದ ಈ ಎಂಜಿ 1962ರ ಕಾರು. ಹೊಸದನ್ನು ಮಾಡಲು ಹಣ ಕೊಡದೆ ಇದ್ದವರು ಯಾರು? 1974ರ ಕೊನೆಗೆ ಅಮೆರಿಕದ ನಿಯಮಕ್ಕೆಂದು ಕಪ್ಪು ರಬ್ಬರ್ ಬಂಪರ್ ಅಂಟಿಸಿ, ಕಾರನ್ನು ನೆಲದಿಂದ ಮೇಲೆತ್ತಿ, ಅದರ ಹಿಡಿತವನ್ನೇ ಕೆಡಿಸಿದರು. ಅಷ್ಟಾದರೂ ಜನ ಕೊಳ್ಳುವುದನ್ನು ಬಿಡಲಿಲ್ಲ. ಒಟ್ಟು ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು.

‘ಎಂಜಿ ಈಗಲೂ ಇದೆಯಲ್ಲ, ಬೆಂಗಳೂರಿನ ರಸ್ತೆಯಲ್ಲೇ ಓಡಾಡುತ್ತದೆ’ ಎನ್ನುವವರಿಗೆ ಉದ್ದದ ಉತ್ತರ ಬೇಡ. 2005ರಲ್ಲಿ ಎಂಜಿ ರೋವರ್ ದಿವಾಳಿಯಾದ ಮೇಲೆ ಎಂಜಿ ಹೆಸರು ಚೀನಾದ ಕಂಪನಿಯ ಪಾಲಾಯಿತು. ಅಬಿಂಗ್ಡನ್ ಕಾರ್ಖಾನೆ ಅದಕ್ಕೂ ಕಾಲು ಶತಮಾನ ಮೊದಲೇ ಮುಚ್ಚಿತ್ತು, ಮುಚ್ಚಿಸಿದ್ದು ಬ್ರಿಟಿಷ್ ಲೇಲ್ಯಾಂಡ್.