ಬೆಳಗ್ಗೆ ನಡುಗುವ ಇಂಜಿನ್ನು

ರೋಗಗಳಲ್ಲೆಲ್ಲ ಬಲು ಕಪಟದ್ದೆಂದರೆ ವೈದ್ಯರ ಮುಂದೆ ತೋರದ ರೋಗ. ಮೋಟಾರು ಕಾರಿಗೂ ಅಂತಹದೊಂದು ಕಾಯಿಲೆ ಉಂಟು. ಮಕ್ಕಳನ್ನು ಶಾಲೆಗೆ ಬಿಡಲೆಂದು ಬೆಳಗ್ಗೆ ಕೀಲಿ ತಿರುಗಿಸಿದರೆ ಇಂಜಿನ್ನು ಹೊರಡುತ್ತದೆ; ಆದರೆ ನಿಂತಲ್ಲೇ ಗಡಗಡನೆ ನಡುಗುತ್ತದೆ, ಒಮ್ಮೊಮ್ಮೆ ಉಸಿರು ಕಟ್ಟಿದಂತೆ ನಿಂತೇ ಹೋಗುತ್ತದೆ. ಐದು ನಿಮಿಷ ಕಳೆದರೆ ಎಲ್ಲವೂ ಸರಿ. ಹತ್ತು ಗಂಟೆಗೆ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಕಿವಿಗೊಟ್ಟು ಆಲಿಸಿ, “ಏನೂ ಕಾಣೆನಲ್ಲ ಸಾರ್, ಯಾವುದಕ್ಕೂ ಪ್ಲಗ್ ಬದಲಾಯಿಸಿಬಿಡೋಣ” ಎನ್ನುತ್ತಾರೆ. ಈ ವಾರ ಪ್ಲಗ್ಗು, ಮುಂದಿನ ವಾರ ಇಂಜೆಕ್ಟರುಗಳ ಶುದ್ಧಿ, ಆಮೇಲೆ ಪೆಟ್ರೋಲ್ ಪಂಪು! ಮನೆಯ ತಿಂಗಳ ಲೆಕ್ಕ ಏರುಪೇರಾಗುತ್ತದೆ. ನಡುಕ ಮಾತ್ರ ಮರುದಿನ ಮುಂಜಾನೆ ತಪ್ಪದೆ ಹಾಜರು.

ಮೆಕ್ಯಾನಿಕ್ಕನ್ನು ದೂರಿ ಫಲವಿಲ್ಲ. ಕಾಯಿಲೆಯ ಸ್ವಭಾವವೇ ಹಾಗೆ. ಪೆಟ್ರೋಲು ಆವಿಯಾಗಿ ಗಾಳಿಯೊಡನೆ ಬೆರೆತಾಗಲೇ ಉರಿಯುವುದು. ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಎಂಬುದು ಲೆಕ್ಕ. ತಣ್ಣಗಿನ ಇಂಜಿನ್ನಿನಲ್ಲಿ ಪೆಟ್ರೋಲಿನ ಒಂದಂಶ ಆವಿಯಾಗದೆ ಗೋಡೆಗಳಿಗೆ ಅಂಟಿಕೊಳ್ಳುವುದರಿಂದ ಹೆಚ್ಚಿನ ಪಾಲನ್ನು ಬಡಿಸಬೇಕಾಗುತ್ತದೆ. 90 ಡಿಗ್ರಿಯ ಆಸುಪಾಸಿನಲ್ಲಿ ದುಡಿಯಲೆಂದು ರಚಿತವಾದ ಯಂತ್ರಕ್ಕೆ ಮಡಿಕೇರಿಯ ಧನುರ್ಮಾಸವಷ್ಟೇ ಅಲ್ಲ, ಮಂಗಳೂರಿನ 25 ಡಿಗ್ರಿಯ ಮುಂಜಾವೂ ಚಳಿಯೇ. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರನ್ನು ಓಡಿಸಿದ ಹಿರಿಯರಿಗೆ ಚೋಕ್ ಎಳೆಯುತ್ತಿದ್ದುದು ನೆನಪಿರಬಹುದು. ಗಾಳಿಯ ದಾರಿಗೆ ತಗಡೊಂದನ್ನು ಅಡ್ಡ ಹಿಡಿದು ಪೆಟ್ರೋಲಿನ ಪಾಲನ್ನು ಏರಿಸುವ ಉಪಾಯ ಅದು. ಇಂದು ಆ ಕೆಲಸ ಕಂಪ್ಯೂಟರಿನದು.

ಈ ಕಂಪ್ಯೂಟರಿಗೆ ಕಣ್ಣಾಗಿರುವುದು ಹೊಗೆಯ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್. ಸುಮಾರು 300 ಡಿಗ್ರಿ ಕಾಯುವವರೆಗೆ ಆ ಕಣ್ಣು ತೆರೆಯದು. ಅಲ್ಲಿಯವರೆಗೆ ಕಂಪ್ಯೂಟರು ಬಾಯಿಪಾಠದ ಮೇಲೆ ನಡೆಯುತ್ತದೆ. ಕಣ್ಣು ತೆರೆದ ಮೇಲೆ ತಪ್ಪನ್ನು ಕಂಡು ತಿದ್ದಿಕೊಳ್ಳುತ್ತದೆ. ಬಿಸಿಯಾದೊಡನೆ ನಡುಕ ನಿಂತಿತೆಂದರೆ ರೋಗ ವಾಸಿಯಾಯಿತೆಂದಲ್ಲ, ಮರೆಯಾಯಿತು ಎಂದು ಅರ್ಥ. ಆದುದರಿಂದ ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟುಬನ್ನಿ. ಬೆಳಗ್ಗೆ ಮೊದಲ ಸಲ ಕೀಲಿ ತಿರುಗುವಾಗ ಮೆಕ್ಯಾನಿಕ್ ಪಕ್ಕದಲ್ಲಿರಲಿ. ನಿಮಿಷಕ್ಕೆ 1,200 ಸುತ್ತಿನಷ್ಟು ಜೋರಾಗಿ ತಿರುಗಿ ಕ್ರಮೇಣ ಇಳಿಯುವುದು ಸಹಜ. ಅದಕ್ಕೆ ಔಷಧ ಬೇಡ.

ಇಂಜಿನ್ನು ಹೊರಡುವ ಮುನ್ನವೇ ಸ್ಕ್ಯಾನರ್ ಜೋಡಿಸಿ ಕೂಲೆಂಟಿನ ಉಷ್ಣತೆಯನ್ನೂ ಒಳಗೆ ಬರುವ ಗಾಳಿಯ ಉಷ್ಣತೆಯನ್ನೂ ಹೋಲಿಸಲಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಗಾಳಿ 18 ಡಿಗ್ರಿ ಇರುವಾಗ ಕೂಲೆಂಟ್ 70 ಎಂದು ತೋರಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಹಸಿದವನಿಗೆ ಉಂಡವನ ಪಾಲು ಬಡಿಸಿದಂತಾಗುತ್ತಿದೆ. ಪಂಪು, ಇಂಜೆಕ್ಟರುಗಳ ಮುಂದೆ ಇದರ ಬೆಲೆ ಅಲ್ಪ. ಅಲ್ಲಿ ದೋಷ ಕಾಣದಿದ್ದರೆ ಗಾಳಿಯ ಸೋರಿಕೆಯನ್ನು ಹುಡುಕಬೇಕು. ಬಿರುಕು ಬಿಟ್ಟ ರಬ್ಬರ್ ಕೊಳವೆ ಚಳಿಗೆ ಬಿರುಸಾಗಿ ಬಾಯಿ ತೆರೆಯುತ್ತದೆ, ಶಾಖಕ್ಕೆ ಮೆದುವಾಗಿ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಸ್ಕ್ಯಾನರಿನಲ್ಲಿ ಒಂದು ಗುರುತುಂಟು: ಕಂಪ್ಯೂಟರು ಪೆಟ್ರೋಲಿಗೆ ಮಾಡುವ ತಿದ್ದುಪಡಿ ನಿಂತಲ್ಲಿ ಶೇಕಡ 10ಕ್ಕಿಂತ ಮೇಲಿದ್ದು, ಇಂಜಿನ್ನನ್ನು 2,500 ಸುತ್ತಿಗೆ ಏರಿಸಿದೊಡನೆ ಇಳಿದರೆ ಸೋರಿಕೆ ಇದೆಯೆಂದೇ ತಿಳಿಯಬಹುದು. ಸೋರುವ ಜಾಗವನ್ನು ಹೊಗೆ ಹಾಯಿಸಿ ಹುಡುಕುವುದು ಕ್ಷೇಮ. ಓಡುವ ಇಂಜಿನ್ನಿನ ಮೇಲೆ ಉರಿಯುವ ದ್ರವವನ್ನು ಚಿಮುಕಿಸುವ ಸಾಹಸ ಬೇಡ. ಮಸಿ ಕಟ್ಟಿದ ಥ್ರಾಟಲ್ ಬಾಡಿಯೂ ಇಂತಹುದೇ ನಡುಕಕ್ಕೆ ಕಾರಣವಾಗುತ್ತದೆ, ಒರೆಸಿದರೆ ಸಾಕು.

ಒಂದೇ ಸಿಲಿಂಡರು ‘ಮಿಸ್ಸಿಂಗ್’ ಎಂದು ಸ್ಕ್ಯಾನರ್ ತೋರಿದಾಗ, ಹೊಸ ಇಗ್ನಿಷನ್ ಕಾಯಿಲ್ ಕೊಳ್ಳುವ ಮೊದಲು ಅದನ್ನು ಪಕ್ಕದ ಸಿಲಿಂಡರಿನ ಕಾಯಿಲ್‌ನೊಡನೆ ಅದಲುಬದಲು ಮಾಡಿಸಿ. ದೋಷ ಕಾಯಿಲ್‌ನ ಹಿಂದೆಯೇ ಹೋದರೆ ಅಪರಾಧಿ ಸಿಕ್ಕಿದಂತೆ. ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ.

ಶೇಕಡ 20 ಎಥನಾಲ್ ಬೆರೆತ ಪೆಟ್ರೋಲನ್ನು ಬೆಂಗಳೂರಿನಲ್ಲಿ 2023ರ ಫೆಬ್ರವರಿ 6ರಂದು ಬಿಡುಗಡೆ ಮಾಡಲಾಯಿತು. ಎಥನಾಲ್ ಆವಿಯಾಗಲು ಹೆಚ್ಚು ಶಾಖವನ್ನು ಬೇಡುತ್ತದೆ. ಅದಕ್ಕೆಂದು ತಯಾರಾಗದ ಹಳೆಯ ಕಾರುಗಳ ರಬ್ಬರನ್ನೂ ಕೆಡಿಸಬಲ್ಲುದು. ಹಳೆಯ ಕಾರುಳ್ಳವರು ಪೆಟ್ರೋಲಿನ ಕೊಳವೆಗಳ ಮೇಲೂ ಒಂದು ಕಣ್ಣಿಟ್ಟಿರಲಿ.

ಇನ್ನು ನಿಜವಾಗಿ ಭಯಪಡಬೇಕಾದ ಸಂಗತಿ. ಬೆಳಗಿನ ನಡುಕದ ಜೊತೆಗೆ ಕೂಲೆಂಟ್ ವಾರವಾರಕ್ಕೂ ಇಳಿಯುತ್ತಿದ್ದರೆ, ಇಂಜಿನ್ನು ಕಾದ ಮೇಲೂ ಸಿಹಿವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ, ಹೆಡ್ ಗ್ಯಾಸ್ಕೆಟ್ ಒಡೆದು ರಾತ್ರಿಯೆಲ್ಲ ದ್ರವ ಸಿಲಿಂಡರಿಗೆ ಜಿನುಗುತ್ತಿರಬಹುದು. ದ್ರವವನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗದು. ಅದು ಹೆಚ್ಚು ತುಂಬಿದ ದಿನ ಒಳಗಿನ ಉಕ್ಕಿನ ಕಡ್ಡಿಯೇ ಬಾಗುತ್ತದೆ. ಅಂತಹ ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗಿ. ಚಳಿಯಲ್ಲಿ ಎರಡು ನಿಮಿಷ ಕಂಡು ಮಾಯವಾಗುವ ಬಿಳಿ ಹಬೆ ಬರಿಯ ನೀರಾವಿ, ಅದಕ್ಕೆ ಅಂಜಬೇಕಾಗಿಲ್ಲ.

ನಡುಕ ನಿಲ್ಲಲೆಂದು ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಹತ್ತು ನಿಮಿಷ ಇಂಜಿನ್ನು ಓಡಿಸುವವರುಂಟು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆಸುತ್ತು ಬರುವಷ್ಟರಲ್ಲಿ ಬಾಗಿಲು ತೆರೆಯುವ ಶಕ್ತಿಯೂ ಉಳಿದಿರದು. ಕಾರನ್ನು ಬಯಲಿಗೆ ತಂದು, ಅರ್ಧ ನಿಮಿಷ ಬಿಟ್ಟು, ಮೊದಲ ಒಂದೆರಡು ಮೈಲಿ ನಿಧಾನವಾಗಿ ಓಡಿಸಿದರೆ ಇಂಜಿನ್ನು ನಿಂತಲ್ಲಿಗಿಂತ ಬೇಗನೆ ಕಾಯುತ್ತದೆ.